ಸಾಕ್ಷಿ ಯಾವುದಕ್ಕೆ?

ಅಕ್ಟೋಬರ್ 4 ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬ. ಕೆಲವು ವರ್ಷಗಳ ಹಿಂದೆ ಆ ಹಬ್ಬದ ಸಿದ್ಧತೆಗೆಂದು ಒಂಬತ್ತನೆಯ ತರಗತಿಯ ಮಕ್ಕಳಿಗೆ ಒಂದೊಂದು ಕೆಲಸ ಹಂಚಿದ್ದೆ. ಒಬ್ಬನಿಗೆ ಸಂತರ ಜೀವನದ ಕುರಿತು ಭಾಷಣ, ಇಬ್ಬರಿಗೆ ಗೀತೆ, ಒಬ್ಬ ಹುಡುಗಿಗೆ 'ಶಾಂತಿಯ ಪ್ರಾರ್ಥನೆ'ಯನ್ನು ದೊಡ್ಡ ಹಾಳೆಯ ಮೇಲೆ ಅಂದವಾಗಿ ಬರೆದು ತರುವ ಕೆಲಸ. ನಮ್ಮ ಧರ್ಮಕೇಂದ್ರಗಳಲ್ಲಿ ಆ ಪ್ರಾರ್ಥನೆಯನ್ನು ಅರಿಯದವರಿಲ್ಲ. ಗಾನವೃಂದದವರು ಅದನ್ನು ಹಾಡುತ್ತಾರೆ, ಮದುವೆಯ ಆಮಂತ್ರಣ ಪತ್ರಿಕೆಗಳಲ್ಲಿ ಅಚ್ಚಾಗುತ್ತದೆ, ಸಮಾಧಿಯ ಕಲ್ಲಿನ ಮೇಲೂ ನಾನದನ್ನು ಕಂಡಿದ್ದೇನೆ. ಹುಡುಗಿ ಹೇಳಿದ ದಿನಕ್ಕೆ ಹಾಳೆ ತಂದಳು. ಅಕ್ಷರ ಮುತ್ತಿನಂತಿತ್ತು. ಆದರೆ ಕೆಳಗೆ ಸಂತರ ಹೆಸರಿರಬೇಕಾದ ಜಾಗದಲ್ಲಿ, 'ಬರೆದವರು ಯಾರೆಂದು ತಿಳಿಯದು, 1912' ಎಂದಿತ್ತು.

ನಾನು ಗದರಿದೆ. ಅಂತರ್ಜಾಲದಲ್ಲಿ ಯಾರೋ ಬರೆದದ್ದನ್ನೆಲ್ಲ ನಂಬಬಾರದೆಂದೂ, ಹಿರಿಯರು ಹೇಳಿಕೊಟ್ಟದ್ದಕ್ಕೆ ಬೆಲೆಯಿರಬೇಕೆಂದೂ ಇಡೀ ತರಗತಿಗೆ ಕೇಳುವಂತೆ ಬುದ್ಧಿ ಹೇಳಿದೆ. ಹುಡುಗಿ ತಲೆ ತಗ್ಗಿಸಿ, "ಆಗಲಿ ಸಾರ್, ತಿದ್ದಿ ತರುತ್ತೇನೆ" ಎಂದಳು. ಅಂದು ರಾತ್ರಿ, ಅವಳ ತಪ್ಪನ್ನು ಸಾಧಿಸಿ ತೋರಿಸಬೇಕೆಂಬ ಹಟದಿಂದಲೇ ನಾನು ಹುಡುಕಲು ಕುಳಿತೆ. ತಪ್ಪು ನನ್ನದಾಗಿತ್ತು.

ಆ ಪ್ರಾರ್ಥನೆ ನಮಗೆ ತಿಳಿದಿರುವಂತೆ ಮೊದಲ ಬಾರಿಗೆ ಅಚ್ಚಾದದ್ದು 1912ರ ಡಿಸೆಂಬರಿನಲ್ಲಿ, ಪ್ಯಾರಿಸ್ಸಿನ 'ಲಾ ಕ್ಲೋಶೆತ್' ಎಂಬ ಸಣ್ಣ ಭಕ್ತಿಪತ್ರಿಕೆಯಲ್ಲಿ, ಫ್ರೆಂಚ್ ಭಾಷೆಯಲ್ಲಿ, ಲೇಖಕರ ಹೆಸರಿಲ್ಲದೆ. ಮೊದಲನೆಯ ಮಹಾಯುದ್ಧ ನಡೆಯುತ್ತಿದ್ದಾಗ, 1916ರ ಜನವರಿಯಲ್ಲಿ, ವ್ಯಾಟಿಕನ್ನಿನ 'ಲ'ಒಸ್ಸರ್ವತೋರೆ ರೊಮಾನೊ' ಪತ್ರಿಕೆ ಅದನ್ನು ಇಟಾಲಿಯನ್ ಭಾಷೆಯಲ್ಲಿ ಪ್ರಕಟಿಸಿತು. ಅನಂತರ ಯಾರೋ ಸಂತ ಫ್ರಾನ್ಸಿಸರ ಚಿತ್ರವಿದ್ದ ಕಾರ್ಡಿನ ಹಿಂಬದಿಗೆ ಆ ಪ್ರಾರ್ಥನೆಯನ್ನು ಅಚ್ಚು ಹಾಕಿದರು. ಮುಂದೆ ಚಿತ್ರ, ಹಿಂದೆ ಪ್ರಾರ್ಥನೆ. ಚಿತ್ರದಲ್ಲಿದ್ದವರೇ ಪ್ರಾರ್ಥನೆಯನ್ನೂ ಬರೆದರೆಂದು ಜನ ತಿಳಿದುಕೊಂಡರು. ಇದರಲ್ಲಿ ಮೋಸ ಮಾಡಬೇಕೆಂಬ ಉದ್ದೇಶ ಯಾರಿಗೂ ಇದ್ದಂತೆ ಕಾಣುವುದಿಲ್ಲ. ಸಂತರ ಪ್ರಾಚೀನ ಬರಹಗಳ ಸಂಗ್ರಹಗಳಲ್ಲಿ ಮಾತ್ರ ಅದು ಎಲ್ಲಿಯೂ ಇಲ್ಲ. ಕ್ರಿಶ್ಚಿಯನ್ ರೆನೂ ಎಂಬ ಫ್ರೆಂಚ್ ಇತಿಹಾಸಕಾರರು ಈ ಒಂದೇ ಪ್ರಾರ್ಥನೆಯ ಇತಿಹಾಸವನ್ನು ಕುರಿತು 2001ರಲ್ಲಿ ಒಂದು ಪುಸ್ತಕವನ್ನೇ ಹೊರತಂದಿದ್ದಾರೆ.

ಮರುದಿನ ತರಗತಿಯಲ್ಲಿ ನನ್ನ ತಪ್ಪನ್ನು ಒಪ್ಪಿಕೊಂಡೆ. ಇಪ್ಪತ್ತು ವರ್ಷಗಳಿಂದ ಕಲಿಸುತ್ತ ಬಂದದ್ದು ಸರಿಯಲ್ಲವೆಂದು ಹೇಳುವುದು ಸುಲಭವಾಗಿರಲಿಲ್ಲ. ಆದರೂ ಅದು ಹೇಗೋ ಮುಗಿಯಿತು. ಮುಗಿಯದೆ ಉಳಿದದ್ದು ಆ ಹುಡುಗಿ ಕೇಳಿದ ಪ್ರಶ್ನೆ: "ಹಾಗಾದರೆ ಇನ್ನು ಮೇಲೆ ಆ ಪ್ರಾರ್ಥನೆ ಹೇಳಬಾರದೇ ಸಾರ್?"

ಮಾಹಿತಿಯ ಮೂಲವನ್ನು ಪರೀಕ್ಷಿಸಲು ಮಕ್ಕಳಿಗೆ ಕಲಿಸಬೇಕೆಂದು ಇಂದು ಎಲ್ಲರೂ ಹೇಳುತ್ತಾರೆ. ಶಿಕ್ಷಕರ ತರಬೇತಿಗಳಲ್ಲಿ ಅದಕ್ಕೊಂದು ಪಟ್ಟಿಯನ್ನೂ ಕೊಡುತ್ತಾರೆ: ಬರೆದವರು ಯಾರು, ಯಾವಾಗ ಬರೆದರು, ಅವರ ಅರ್ಹತೆ ಏನು, ಬೇರೆಯವರು ಏನೆನ್ನುತ್ತಾರೆ. ಪಟ್ಟಿ ಸರಿಯಾದದ್ದೇ. ಆದರೆ ಅದನ್ನು ಹಿಡಿದು ಹೊರಟ ಮಗು ಕೊನೆಗೆ ಎಲ್ಲವನ್ನೂ ಎರಡು ಚೀಲಗಳಿಗೆ ತುಂಬುತ್ತದೆ. ಒಂದರಲ್ಲಿ ನಿಜ, ಇನ್ನೊಂದರಲ್ಲಿ ಸುಳ್ಳು. ನನ್ನ ವಿದ್ಯಾರ್ಥಿನಿಯ ಪ್ರಶ್ನೆ ಹುಟ್ಟಿದ್ದೂ ಅಲ್ಲಿಂದಲೇ. ಸಂತರದ್ದಲ್ಲವೆಂದ ಮೇಲೆ ಅದು ಸುಳ್ಳಿನ ಚೀಲಕ್ಕೆ ಹೋಗಬೇಕಲ್ಲವೇ? ಮಕ್ಕಳಿಗೆ ಇಂಥ ಪರೀಕ್ಷೆಯನ್ನು ಕಲಿಸಬೇಡಿರೆಂದು, ಅವರ ವಿಶ್ವಾಸ ಕೆಡುತ್ತದೆಂದು ಅಂಜುವ ಹಿರಿಯರ ಭಯವೂ ಇದೇ. ಹಾಗಾಗಿ ಮಗುವಿಗೂ ಹಿರಿಯರಿಗೂ ಉತ್ತರ ಒಂದೇ ಕಡೆ ಸಿಗಬೇಕು. ನಾನು ಅದನ್ನು ಹುಡುಕಿದ್ದು ಶ್ರೀಗ್ರಂಥದಲ್ಲಿ, ದಾನಿಯೇಲನ ಗ್ರಂಥದ ಹದಿಮೂರನೆಯ ಅಧ್ಯಾಯದಲ್ಲಿ.

ಸುಸನ್ನಳ ಕಥೆ ತಪಸ್ಸುಕಾಲದ ಬಲಿಪೂಜೆಯಲ್ಲಿ ನಾವು ಕೇಳುವ ವಾಚನ. ಬಾಬಿಲೋನಿನಲ್ಲಿ ಇಬ್ಬರು ಹಿರಿಯರು ಆ ವರ್ಷ ನ್ಯಾಯಾಧಿಪತಿಗಳಾಗಿ ನೇಮಕಗೊಂಡಿದ್ದರು. ತಮ್ಮ ದುರಾಸೆಗೆ ಒಪ್ಪದ ಸುಸನ್ನಳ ಮೇಲೆ ಅವರು ವ್ಯಭಿಚಾರದ ಆರೋಪ ಹೊರಿಸಿದರು. ಸಭೆ ನಂಬಿತು. ಯಾಕೆ ನಂಬಿತೆಂಬುದಕ್ಕೆ ಗ್ರಂಥಕರ್ತ ಕಾರಣವನ್ನೂ ಕೊಡುತ್ತಾನೆ: ಹೇಳಿದವರು ಜನರ ಹಿರಿಯರು, ನ್ಯಾಯಾಧೀಶರು. ಧರ್ಮೋಪದೇಶಕಾಂಡ ಇಬ್ಬರು ಇಲ್ಲವೆ ಮೂವರು ಸಾಕ್ಷಿಗಳನ್ನು ಕೇಳುತ್ತದೆ. ಇಲ್ಲಿ ಸಾಕ್ಷಿಗಳು ಇಬ್ಬರಿದ್ದರು, ಗೌರವಾನ್ವಿತರಾಗಿದ್ದರು, ಒಬ್ಬರ ಮಾತಿಗೆ ಒಬ್ಬರ ಮಾತು ಹೊಂದುತ್ತಿತ್ತು. ಪಟ್ಟಿಯಲ್ಲಿ ಬರೆದ ಎಲ್ಲ ಪರೀಕ್ಷೆಗಳಲ್ಲೂ ಅವರು ತೇರ್ಗಡೆಯಾದರು. ಸುಸನ್ನಳನ್ನು ಕೊಲ್ಲಲು ಕರೆದೊಯ್ದರು.

ದಾನಿಯೇಲ ಆಗಿನ್ನೂ ಎಳೆಯ ಹುಡುಗ. ಅವನು ಮಾಡಿದ್ದು ಒಂದೇ ಕೆಲಸ. ಆ ಇಬ್ಬರನ್ನೂ ಒಬ್ಬರಿಂದೊಬ್ಬರನ್ನು ದೂರವಿರಿಸಿ, ಯಾವ ಮರದ ಕೆಳಗೆ ಕಂಡಿರೆಂದು ಪ್ರತ್ಯೇಕವಾಗಿ ಕೇಳಿದ್ದು. ಒಬ್ಬ ಒಂದು ಮರದ ಹೆಸರು ಹೇಳಿದ, ಮತ್ತೊಬ್ಬ ಇನ್ನೊಂದರದ್ದು. ಈ ಕಥೆಯನ್ನು ಮಕ್ಕಳಿಗೆ ಹೇಳಿದ ಮೇಲೆ ಅವರು ಇಂದು ಬಳಸುವ ಒಂದು ಮಾತಿನ ಕಡೆಗೆ ಗಮನ ಸೆಳೆಯುವುದು ನನ್ನ ರೂಢಿ. "ಸಾರ್, ಇದು ಹತ್ತು ಜಾಲತಾಣಗಳಲ್ಲಿ ಇದೆ" ಎನ್ನುತ್ತಾರಲ್ಲ, ಆ ಹತ್ತನ್ನೂ ದಾನಿಯೇಲನಂತೆ ಬೇರೆ ಬೇರೆ ನಿಲ್ಲಿಸಿ ನೋಡಿದ್ದೀರಾ? ಹೆಚ್ಚಿನ ಸಲ ಹತ್ತರಲ್ಲೂ ಒಂದೇ ವಾಕ್ಯ, ಒಂದೇ ಅಕ್ಷರತಪ್ಪು. ಅವು ಹತ್ತು ಸಾಕ್ಷಿಗಳಲ್ಲ. ಒಬ್ಬನೇ ಸಾಕ್ಷಿ ಹತ್ತು ಅಂಗಿ ಬದಲಿಸಿ ಬಂದಿದ್ದಾನೆ. ಶಾಂತಿಯ ಪ್ರಾರ್ಥನೆಗೆ ಸಂತ ಫ್ರಾನ್ಸಿಸರ ಹೆಸರು ಹಾಕಿದ ಸಾವಿರಾರು ಪುಸ್ತಕಗಳನ್ನು ಒಂದೊಂದಾಗಿ ಹಿಂದಕ್ಕೆ ಹಿಡಿದುಕೊಂಡು ಹೋದರೂ ದಾರಿ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ನಿಂತುಬಿಡುತ್ತದೆ. ಹದಿಮೂರನೆಯ ಶತಮಾನದ ಅಸ್ಸಿಸಿಯನ್ನು ಮುಟ್ಟುವುದೇ ಇಲ್ಲ.

ಇಷ್ಟರವರೆಗೆ ಪಾಠ ಸರಳ. ಆದರೆ ಸುಸನ್ನಳ ಕಥೆಗೆ ಇನ್ನೊಂದು ಕಥೆ ಅಂಟಿಕೊಂಡಿದೆ. ಅದನ್ನು ಧರ್ಮೋಪದೇಶ ತರಗತಿಗಳಲ್ಲಿ ನಾವು ಸಾಮಾನ್ಯವಾಗಿ ಹೇಳುವುದಿಲ್ಲ. ಮೂರನೆಯ ಶತಮಾನದಲ್ಲಿ ಜೂಲಿಯಸ್ ಆಫ್ರಿಕಾನಸ್ ಎಂಬ ಕ್ರೈಸ್ತ ವಿದ್ವಾಂಸರು ಆ ಕಾಲದ ಮಹಾಪಂಡಿತ ಒರಿಜೆನರಿಗೆ ಒಂದು ಪತ್ರ ಬರೆದರು. ಸುಸನ್ನಳ ಕಥೆಯ ಬಗ್ಗೆ ತಮಗೆ ಸಂದೇಹವಿದೆ ಎಂಬುದು ಪತ್ರದ ಸಾರ. ಯೆಹೂದ್ಯರ ದಾನಿಯೇಲನ ಗ್ರಂಥದಲ್ಲಿ ಈ ಕಥೆ ಇಲ್ಲ. ಸೆರೆಯಾಳುಗಳಾಗಿದ್ದ ಯೆಹೂದ್ಯರಿಗೆ ಮರಣದಂಡನೆ ವಿಧಿಸುವ ಅಧಿಕಾರ ಎಲ್ಲಿಂದ ಬಂತು? ಎಲ್ಲಕ್ಕಿಂತ ಬಲವಾದ ಆಕ್ಷೇಪ ಮರಗಳ ಹೆಸರಿನದ್ದು. ಮೊದಲ ಮುದುಕ 'ಸ್ಖೀನೋಸ್' ಮರವೆಂದಾಗ ದಾನಿಯೇಲ, ದೇವದೂತ ನಿನ್ನನ್ನು ಸೀಳುವನು ಎನ್ನುತ್ತಾನೆ. ಆ ಕ್ರಿಯಾಪದವೂ ಗ್ರೀಕಿನಲ್ಲಿ ಅದೇ ಧ್ವನಿಯದ್ದು. ಎರಡನೆಯವನು 'ಪ್ರೀನೋಸ್' ಎಂದಾಗ ಬರುವ 'ಗರಗಸದಿಂದ ಕೊಯ್ಯುವನು' ಎಂಬ ಪದವೂ ಹಾಗೆಯೇ ಹೊಂದುತ್ತದೆ. ಈ ಶ್ಲೇಷೆ ಗ್ರೀಕ್ ಭಾಷೆಯಲ್ಲಿ ಮಾತ್ರ ಸಾಧ್ಯ. ಹಾಗಾದರೆ ಇದು ಹೀಬ್ರೂ ಮೂಲದ ಅನುವಾದ ಹೇಗಾದೀತು? ಆಫ್ರಿಕಾನಸ್ ಕೇಳಿದ್ದು ದಾನಿಯೇಲ ಕೇಳಿದ ಪ್ರಶ್ನೆಯನ್ನೇ: ಯಾವ ಮರ? ಸಾಕ್ಷಿಗಳನ್ನು ಪರೀಕ್ಷಿಸಿದ ಕಥೆಯನ್ನೇ ಅದೇ ಮರದ ಕೆಳಗೆ ನಿಲ್ಲಿಸಿ ಪರೀಕ್ಷಿಸಿದರು.

ಒರಿಜೆನರು ಸಿಟ್ಟಾಗಲಿಲ್ಲ. ತಾವು ಯೆಹೂದ್ಯರಲ್ಲಿ ಆ ಮರಗಳ ಹೀಬ್ರೂ ಹೆಸರುಗಳನ್ನು ವಿಚಾರಿಸಿದುದನ್ನು ತಿಳಿಸಿ, ಒಂದೊಂದು ಆಕ್ಷೇಪಕ್ಕೂ ದೀರ್ಘವಾಗಿ ಉತ್ತರ ಬರೆದರು. ಸಭೆಗಳು ಸ್ವೀಕರಿಸಿ ಓದುತ್ತ ಬಂದುದನ್ನು ಇಷ್ಟಕ್ಕೇ ಎಸೆಯಲಾಗದು ಎಂದರು. ಅವರ ಉತ್ತರಗಳೆಲ್ಲ ಸಮಾಧಾನಕರವೆಂದು ನನಗೆ ಅನ್ನಿಸುವುದಿಲ್ಲ. ಶ್ಲೇಷೆಯ ವಿಷಯದಲ್ಲಿ ಆಫ್ರಿಕಾನಸರ ವಾದವೇ ಹೆಚ್ಚು ಗಟ್ಟಿಯಾದದ್ದು. ಮುಂದೆ ಸಂತ ಜೆರೋಮರೂ ಈ ಭಾಗ ಹೀಬ್ರೂವಿನಲ್ಲಿ ಇಲ್ಲವೆಂಬುದನ್ನು ಮುಚ್ಚಿಡದೆ, ಗುರುತು ಹಾಕಿಯೇ ಕೊಟ್ಟರು. ಆದರೂ ಧರ್ಮಸಭೆ ಸುಸನ್ನಳನ್ನು ಕೈಬಿಡಲಿಲ್ಲ. ಇಂದಿಗೂ ಆ ಕಥೆಯನ್ನು ದೇವರ ವಾಕ್ಯವೆಂದು ಓದಿ ಕೃತಜ್ಞತೆ ಸಲ್ಲಿಸುತ್ತೇವೆ.

ಇದು ಎರಡು ದೋಣಿಗಳಲ್ಲಿ ಕಾಲಿಟ್ಟಂತೆ ಅಲ್ಲವೇ ಎಂದು ಒಬ್ಬ ವಿದ್ಯಾರ್ಥಿ ಕೇಳಿದ್ದುಂಟು. ಅಲ್ಲವೆಂದು ನಾನು ನಂಬಿದ್ದೇನೆ. ಯಾವುದೇ ಬರಹವನ್ನು ಎದುರಿಗಿಟ್ಟುಕೊಂಡಾಗ 'ಇದು ನಿಜವೋ ಸುಳ್ಳೋ' ಎಂಬ ಪ್ರಶ್ನೆಗೆ ಮೊದಲು 'ಇದು ಯಾವುದಕ್ಕೆ ಸಾಕ್ಷಿ' ಎಂದು ಕೇಳಬೇಕಾಗುತ್ತದೆ. ಸುಸನ್ನಳ ಕಥೆ ಬಾಬಿಲೋನಿನ ನ್ಯಾಯಾಲಯದ ದಾಖಲೆಯಾಗಿ ನಮ್ಮ ಮುಂದೆ ನಿಂತಿಲ್ಲ. ಅಧಿಕಾರದಲ್ಲಿದ್ದವರ ಮಾತಿಗೆ ಬಲಿಯಾಗಲಿದ್ದ ನಿರಪರಾಧಿಯ ಕೂಗನ್ನು ದೇವರು ಕೇಳುತ್ತಾರೆಂಬುದಕ್ಕೆ ಅದು ಸಾಕ್ಷಿ. ಆ ವಿಷಯದಲ್ಲಿ ಅದರ ಅಧಿಕಾರ ಕುಂದಿಲ್ಲ. ಹಾಗೆಯೇ 1912ರ ಪ್ರಾರ್ಥನೆ ಅಸ್ಸಿಸಿಯ ಫ್ರಾನ್ಸಿಸರು ಏನು ಬರೆದರೆಂಬುದಕ್ಕೆ ಸಾಕ್ಷಿಯಲ್ಲ. ಹೆಸರು ಹೇಳಿಕೊಳ್ಳದ ಯಾರೋ ಒಬ್ಬರು, ಯೂರೋಪು ಯುದ್ಧಕ್ಕೆ ಬೀಳುವ ಎರಡು ವರ್ಷ ಮೊದಲು, ದೇವರಲ್ಲಿ ಏನನ್ನು ಬೇಡಿದರೆಂಬುದಕ್ಕೆ ಅದು ಸಾಕ್ಷಿ. ಫ್ರಾನ್ಸಿಸರ ಕೈಬರಹವೇ ಬೇಕೆಂದರೆ ಅದೂ ಇದೆ. ಸಹೋದರ ಲಿಯೋಗೆ ಅವರು ಸ್ವಹಸ್ತದಿಂದ ಬರೆದುಕೊಟ್ಟ ತೊಗಲಿನ ಚೂರೊಂದು ಅಸ್ಸಿಸಿಯಲ್ಲಿ, ಇನ್ನೊಂದು ಪತ್ರ ಸ್ಪೊಲೆತೊ ನಗರದ ಪ್ರಧಾನಾಲಯದಲ್ಲಿ ಇಂದಿಗೂ ಉಳಿದಿವೆ. ನಿಜವಾದ ಸಾಕ್ಷಿ ಹೀಗೆ ಕೈಗೆಟಕುವಾಗ ಅಲ್ಲದ್ದನ್ನು ಅವರ ಕೈಗೆ ತುರುಕುವುದು ಭಕ್ತಿಯ ಲಕ್ಷಣವೆಂದು ನನಗೆ ತೋರುವುದಿಲ್ಲ.

ಕನ್ನಡ ನಾಡಿನ ಶಾಸನತಜ್ಞರಿಗೆ ಈ ವಿವೇಕ ಬಹಳ ಹಿಂದಿನಿಂದಲೂ ಇದೆ. ಹಳೆಯ ರಾಜನ ಹೆಸರಿನಲ್ಲಿ ಅನಂತರದವರು ಕೆತ್ತಿಸಿದ ದಾನಪತ್ರವನ್ನು ಅವರು 'ಕೂಟಶಾಸನ'ವೆಂದು ಕರೆಯುತ್ತಾರೆ. ಲಿಪಿ ಹೇಳಿದ ಕಾಲಕ್ಕಿಂತ ಈಚಿನದು, ತಿಥಿಗೂ ವಾರಕ್ಕೂ ತಾಳೆಯಿಲ್ಲ ಎಂಬಂಥ ಗುರುತುಗಳಿಂದ ಅದನ್ನು ಹಿಡಿಯುತ್ತಾರೆ. ಗಂಗರ ತಾಮ್ರಪಟಗಳ ವಿಷಯದಲ್ಲಿ ಜೆ.ಎಫ್. ಫ್ಲೀಟ್ ಮತ್ತು ಬಿ.ಎಲ್. ರೈಸ್ ಅವರ ನಡುವೆ ನಡೆದ ವಾದವಿವಾದ ಇತಿಹಾಸದ ವಿದ್ಯಾರ್ಥಿಗಳಿಗೆ ಪರಿಚಿತವೇ. ಆದರೆ ಕೂಟವೆಂದು ತೀರ್ಮಾನವಾದ ತಾಮ್ರಪಟವನ್ನು ಯಾರೂ ಕರಗಿಸುವುದಿಲ್ಲ. ಅದು ತಾನು ಹೇಳಿಕೊಂಡ ಕಾಲಕ್ಕೆ ಸಾಕ್ಷಿಯಲ್ಲದಿದ್ದರೂ ತಾನು ಹುಟ್ಟಿದ ಕಾಲದಲ್ಲಿ ಭೂಮಿಗಾಗಿ ಯಾರು ಯಾರೊಡನೆ ಹೋರಾಡುತ್ತಿದ್ದರೆಂಬುದಕ್ಕೆ ಒಳ್ಳೆಯ ಸಾಕ್ಷಿ. ನಮ್ಮ ಧರ್ಮಸಭೆಯ ಇತಿಹಾಸದಲ್ಲೂ ಇಂಥದೊಂದು ದೊಡ್ಡ ಕೂಟಶಾಸನವಿತ್ತು. ಕಾನ್‌ಸ್ಟಂಟೈನ್ ಚಕ್ರವರ್ತಿ ಪಶ್ಚಿಮದ ರಾಜ್ಯಾಧಿಕಾರವನ್ನು ಪೋಪರಿಗೆ ಒಪ್ಪಿಸಿದನೆಂದು ಹೇಳುವ ಆ ದಾನಪತ್ರ ನಕಲಿಯೆಂಬುದನ್ನು 1440ರಲ್ಲಿ ಲೊರೆಂಜೊ ವಲ್ಲಾ ಎಂಬ ವಿದ್ವಾಂಸರು ಅದರ ಭಾಷೆಯಿಂದಲೇ ತೋರಿಸಿಕೊಟ್ಟರು. ಕೆಲವೇ ವರ್ಷಗಳಲ್ಲಿ ಪೋಪ್ ಐದನೆಯ ನಿಕೋಲಸರು ಅದೇ ವಲ್ಲಾರಿಗೆ ರೋಮಿನ ತಮ್ಮ ಆಸ್ಥಾನದಲ್ಲಿ ಕೆಲಸ ಕೊಟ್ಟರೆಂಬುದನ್ನು ಮಕ್ಕಳಿಗೆ ಹೇಳಲು ನಾನು ಮರೆಯುವುದಿಲ್ಲ.

ಹಾಗಾದರೆ ಯಾರನ್ನು ನಂಬಬೇಕು? ಎಲ್ಲವನ್ನೂ ನಾವೇ ಪರೀಕ್ಷಿಸುತ್ತ ಕೂರಲಾಗದು. ನಾನು ಹುಟ್ಟಿದ ದಿನವನ್ನೂ ತಾಯಿಯ ಮಾತಿನ ಮೇಲೆಯೇ ನಂಬಿದ್ದೇನೆ. ನಮ್ಮ ನಾಡಿನ ನ್ಯಾಯದರ್ಶನ ಇದನ್ನು ಆಳವಾಗಿ ಯೋಚಿಸಿದೆ. ನಂಬಲರ್ಹನಾದವನನ್ನು ಅದು 'ಆಪ್ತ'ನೆಂದು ಕರೆಯುತ್ತದೆ. ಭಾಷ್ಯಕಾರ ವಾತ್ಸ್ಯಾಯನ ಆಪ್ತನಿಗೆ ಹೇಳುವ ಲಕ್ಷಣಗಳು ಎರಡು: ವಿಷಯವನ್ನು ಇದ್ದಂತೆ ಬಲ್ಲವನಾಗಿರಬೇಕು; ಬಲ್ಲದ್ದನ್ನು ಇದ್ದಂತೆ ತಿಳಿಸುವ ಬಯಕೆ ಉಳ್ಳವನಾಗಿರಬೇಕು. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಅವನು ಸೇರಿಸುತ್ತಾನೆ. ಆ ಕಾಲದಲ್ಲಿ ಈ ಮಾತು ಬರೆಯಲು ಎದೆಗಾರಿಕೆ ಬೇಕಿತ್ತು. ಹುಟ್ಟು, ಪದವಿ, ಬಿಳಿಗೂದಲು ಇವು ಯಾವುವೂ ಲಕ್ಷಣದಲ್ಲಿ ಸೇರಲಿಲ್ಲ.

ಈ ಎರಡು ಲಕ್ಷಣಗಳನ್ನು ಬಿಡಿಸಿ ನೋಡುವುದನ್ನು ಕಲಿತ ಮಗುವಿಗೆ ಪಟ್ಟಿಯ ಅಗತ್ಯ ಅಷ್ಟಾಗಿ ಬೀಳದು. ಸುಸನ್ನಳ ಮೇಲೆ ಸಾಕ್ಷಿ ಹೇಳಿದ ಮುದುಕರಿಗೆ ನಡೆದದ್ದು ಏನೆಂದು ಚೆನ್ನಾಗಿ ಗೊತ್ತಿತ್ತು. ತಿಳಿಸುವ ಬಯಕೆ ಇರಲಿಲ್ಲ. ನಮ್ಮ ಮನೆಯ ಅಜ್ಜಿಯದು ಇದಕ್ಕೆ ತಿರುಗುಮುರುಗು. ಮೊಮ್ಮಕ್ಕಳಿಗೆ ಒಳಿತಾಗಲೆಂಬ ಬಯಕೆಯಿಂದಲೇ ಆಕೆ ಮೊಬೈಲಿನಲ್ಲಿ ಬಂದ ಔಷಧಿಯ ಸಲಹೆಯನ್ನು ಹತ್ತು ಜನರಿಗೆ ಕಳುಹಿಸುತ್ತಾಳೆ. ತಿಳಿವಳಿಕೆ ಮಾತ್ರ ಆಕೆಯದ್ದಲ್ಲ. 2020ರ ಕೋವಿಡ್ ದಿನಗಳಲ್ಲಿ ವೈದ್ಯರ ಹೆಸರಿನಲ್ಲಿ ಬಂದ ಸುಳ್ಳು ಸಲಹೆಗಳಲ್ಲಿ ಎಷ್ಟೋ ನಮಗೆ ತಲುಪಿದ್ದು ನಮ್ಮನ್ನು ಪ್ರೀತಿಸುವವರಿಂದಲೇ. ಕಳುಹಿಸಿದವರನ್ನು ಪ್ರೀತಿಸುತ್ತಲೇ ಕಳುಹಿಸಿದ್ದನ್ನು ನಂಬದಿರುವುದು ಹೇಗೆಂಬುದು ನಮ್ಮ ಮಕ್ಕಳು ಕಲಿಯಬೇಕಾದ ಪಾಠಗಳಲ್ಲಿ ಕಠಿಣವಾದದ್ದು. ಅಜ್ಜಿಗೆ ಎದುರುತ್ತರ ಕೊಡುವುದಲ್ಲ, "ಅಜ್ಜಿ, ಇದನ್ನು ನಿಮಗೆ ಯಾರು ಕಳುಹಿಸಿದರು?" ಎಂದು ಪಕ್ಕದಲ್ಲಿ ಕುಳಿತು ಕೇಳುವುದು.

ಕನ್ನಡ ಭಾಷೆಯೇ ನಮಗೆ ಇದಕ್ಕೊಂದು ಸಾಧನವನ್ನು ಕೊಟ್ಟಿದೆ. 'ಅವನು ಬಂದ' ಎಂದರೆ ನಾನು ಕಂಡೆ ಅಥವಾ ಖಚಿತವಾಗಿ ಬಲ್ಲೆ. 'ಅವನು ಬಂದನಂತೆ' ಎಂದರೆ ಯಾರೋ ಹೇಳಿದರು, ನಾನು ಕಾಣೆ. ಈ 'ಅಂತೆ' ಎಂಬ ಎರಡಕ್ಷರ ಸಾಮಾನ್ಯವಾದದ್ದಲ್ಲ. ಹೇಳುವವನು ತನ್ನ ಮಾತಿಗೆ ತಾನೇ ಹಾಕಿಕೊಳ್ಳುವ ಪ್ರಾಮಾಣಿಕತೆಯ ಗುರುತು ಅದು. ಅಂತೆಕಂತೆಗಳನ್ನು ನಾವು ಹಳಿಯುತ್ತೇವೆ. ಆದರೆ 'ಅಂತೆ' ಎನ್ನುವವನು ಕಡೆಯಪಕ್ಷ ತಾನು ಕಾಣಲಿಲ್ಲವೆಂದು ಒಪ್ಪಿಕೊಂಡಿದ್ದಾನೆ. ಸುದ್ದಿ ಬಾಯಿಂದ ಬಾಯಿಗೆ ಹೋಗುವಾಗ ಎಲ್ಲೋ ಒಂದು ಕಡೆ, ಅವಸರದಲ್ಲಿಯೋ ಉತ್ಸಾಹದಲ್ಲಿಯೋ, ಆ 'ಅಂತೆ' ಉದುರಿಹೋಗುತ್ತದೆ. 'ಮಕ್ಕಳ ಕಳ್ಳರು ಬಂದಿದ್ದಾರಂತೆ' ಎಂಬುದು 'ಮಕ್ಕಳ ಕಳ್ಳರು ಬಂದಿದ್ದಾರೆ' ಎಂದಾಗುತ್ತದೆ.

ಹಾಗೆ ಉದುರಿದ ಎರಡಕ್ಷರದ ಬೆಲೆಯನ್ನು ನಮ್ಮ ರಾಜ್ಯ 2018ರಲ್ಲಿ ತೆತ್ತಿತು. ಆ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ರಾಜಸ್ಥಾನದಿಂದ ದುಡಿಯಲು ಬಂದಿದ್ದ ಒಬ್ಬ ಯುವಕನನ್ನು ಮಕ್ಕಳ ಕಳ್ಳನೆಂಬ ಶಂಕೆಯಿಂದ ಜನ ಹೊಡೆದು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಮತ್ತೊಂದು ಸಾವು. ಹೈದರಾಬಾದಿನ ಕಡೆಯಿಂದ ಕಾರಿನಲ್ಲಿ ಬಂದಿದ್ದ ಗೆಳೆಯರು ದಾರಿಯಲ್ಲಿ ಶಾಲಾಮಕ್ಕಳಿಗೆ ಚಾಕೊಲೇಟು ಹಂಚಿದರು. ಅಷ್ಟೇ ಸಾಕಾಯಿತು. ಅವರು ಅಲ್ಲಿಂದ ತಪ್ಪಿಸಿಕೊಂಡು ಹೊರಟರೂ ಸುದ್ದಿ ವಾಟ್ಸ್‌ಆಪ್ ಮೂಲಕ ಅವರಿಗಿಂತ ಮೊದಲು ಮುಂದಿನ ಊರು ಸೇರಿತ್ತು. ಅಲ್ಲಿ ರಸ್ತೆಗೆ ಅಡ್ಡಗಟ್ಟಿ ಕಾದಿದ್ದರು. ಬಿಡಿಸಲು ಬಂದ ಪೊಲೀಸರಿಗೂ ಪೆಟ್ಟುಬಿತ್ತು. ಒಬ್ಬ ಎಂಜಿನಿಯರ್ ಸತ್ತರು, ಉಳಿದವರು ತೀವ್ರವಾಗಿ ಗಾಯಗೊಂಡರು. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟೆಂದರಂತೆ ಎಂಬ ಗಾದೆಯನ್ನು ನಾವು ನಗುತ್ತ ಹೇಳುತ್ತೇವೆ. ಮುರ್ಕಿಯ ಅನಂತರ ಆ ಗಾದೆಯನ್ನು ತರಗತಿಯಲ್ಲಿ ಹೇಳುವಾಗ ನನಗೆ ನಗು ಬಂದಿಲ್ಲ.

ಆ ತಿಂಗಳುಗಳಲ್ಲಿ ಭಾರತದ ಉದ್ದಗಲಕ್ಕೂ ಹರಿದಾಡಿದ ಒಂದು ವಿಡಿಯೊ ತುಣುಕನ್ನು ನೋಡಿದ ನೆನಪು ಹಲವರಿಗೆ ಇರಬಹುದು. ಬೈಕಿನಲ್ಲಿ ಬಂದ ಇಬ್ಬರು, ಬೀದಿಯಲ್ಲಿ ಆಡುತ್ತಿದ್ದ ಮಕ್ಕಳಲ್ಲಿ ಒಂದನ್ನು ಎತ್ತಿಕೊಂಡು ಹೋಗುತ್ತಾರೆ. ಕಣ್ಣಾರೆ ಕಂಡ ಮೇಲೆ ನಂಬದಿರುವುದು ಹೇಗೆ? ಆದರೆ ಅದು ಪಾಕಿಸ್ತಾನದ ಕರಾಚಿಯಲ್ಲಿ, ಮಕ್ಕಳ ರಕ್ಷಣೆಗಾಗಿ ದುಡಿಯುವ ಸಂಸ್ಥೆಯೊಂದು ಪೋಷಕರನ್ನು ಎಚ್ಚರಿಸಲು ತಯಾರಿಸಿದ ಚಿತ್ರ. ಮೂಲದಲ್ಲಿ ಬೈಕಿನವರು ತಿರುಗಿ ಬಂದು ಮಗುವನ್ನು ಕೆಳಗಿಳಿಸಿ, ಎಚ್ಚರಿಕೆಯ ಮಾತು ಬರೆದ ಫಲಕವನ್ನು ಎತ್ತಿಹಿಡಿಯುತ್ತಾರೆ. ಯಾರೋ ಆ ಕೊನೆಯನ್ನು ಕತ್ತರಿಸಿ ತೆಗೆದರು. ಉಳಿದ ಭಾಗದಲ್ಲಿ ಒಂದೇ ಒಂದು ದೃಶ್ಯವನ್ನೂ ಹೊಸದಾಗಿ ಸೇರಿಸಿದ್ದಿಲ್ಲ. ಮಕ್ಕಳನ್ನು ಕಾಪಾಡಲು ಹುಟ್ಟಿದ ಸಾಕ್ಷಿಯನ್ನು ಪರಊರಿನ ನಿರಪರಾಧಿಗಳ ವಿರುದ್ಧ ಕಟೆಕಟೆಗೆ ಹತ್ತಿಸಿದರು. ಸಾಕ್ಷಿ ಯಾವುದಕ್ಕೆಂದು ಕೇಳದೆ ನಿಜವೇ ಸುಳ್ಳೇ ಎಂದಷ್ಟೇ ಕೇಳಿದರೆ ಇಲ್ಲಿ ದಾರಿ ತಪ್ಪುತ್ತದೆ. ಪೋಪ್ ಫ್ರಾನ್ಸಿಸರು 2018ರ ಜನವರಿಯಲ್ಲಿ, ಸಂಪರ್ಕ ಮಾಧ್ಯಮಗಳ ವಿಶ್ವದಿನದ ಸಂದೇಶದಲ್ಲಿ ಸುಳ್ಳು ಸುದ್ದಿಯ ಮೊದಲ ಕರ್ತೃವನ್ನು ಏದೆನ್ ತೋಟದ ಸರ್ಪದಲ್ಲಿ ಕಂಡಿದ್ದರು. ಸರ್ಪವೂ ಬರಿಯ ಸುಳ್ಳನ್ನು ಹೇಳಲಿಲ್ಲವಲ್ಲ. ದೇವರ ಮಾತನ್ನೇ ಸ್ವಲ್ಪ ತಿರುಚಿ ಕೇಳಿತು. ಐದು ವರ್ಷಗಳ ಅನಂತರ, 2023ರ ಮಾರ್ಚಿನಲ್ಲಿ, ಅದೇ ಪೋಪರು ಬೆಳ್ಳಗಿನ ದಪ್ಪ ಉಬ್ಬುಕೋಟು ತೊಟ್ಟ ಚಿತ್ರ ಲೋಕವೆಲ್ಲ ಸುತ್ತಿತು. ಕಂಪ್ಯೂಟರ್ ಕಲ್ಪಿಸಿಕೊಟ್ಟ ಆ ಚಿತ್ರಕ್ಕೆ ಕ್ಯಾಮೆರಾದ ಸೋಂಕೂ ಇರಲಿಲ್ಲ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದವರು ಕ್ಯಾಮೆರಾ ಹುಟ್ಟುವ ಮೊದಲೇ ಅದನ್ನು ಹೇಳಿಟ್ಟಿದ್ದರು.

ದೇವರ ಹತ್ತು ಕಟ್ಟಳೆಗಳಲ್ಲಿ ಎಂಟನೆಯದು ಸುಳ್ಳು ಸಾಕ್ಷಿಯನ್ನು ನಿಷೇಧಿಸುತ್ತದೆ. ಪಾಪನಿವೇದನೆಗೆ ಮೊದಲು ಆತ್ಮಶೋಧನೆ ಮಾಡಿಕೊಳ್ಳುವಾಗ ಈ ಕಟ್ಟಳೆಯನ್ನು ನಾವು ಬೇಗನೆ ದಾಟಿಬಿಡುತ್ತೇವೆ. ನ್ಯಾಯಾಲಯದ ಮೆಟ್ಟಿಲು ಹತ್ತಿದವರೇ ನಮ್ಮಲ್ಲಿ ಎಷ್ಟು ಮಂದಿ! 'ನಾನೇನೂ ಹೇಳಲಿಲ್ಲ, ಬಂದದ್ದನ್ನು ಮುಂದಕ್ಕೆ ಕಳುಹಿಸಿದೆ ಅಷ್ಟೆ' ಎಂಬ ಮಾತು ಎಷ್ಟು ಹಗುರವಾಗಿ ಬರುತ್ತದೆ. ಮುರ್ಕಿಯಲ್ಲಿ ಕೈ ಎತ್ತಿದವರಿಗಿಂತ ಎಷ್ಟೋ ಪಾಲು ಹೆಚ್ಚು ಜನ ಬರಿಯ ಕಳುಹಿಸಿದವರು. ಅವರಲ್ಲಿ ಪ್ರತಿಯೊಬ್ಬರೂ ತಾವು ಕಾಣದ ಒಬ್ಬ ಮನುಷ್ಯನ ವಿರುದ್ಧ ಸಾಕ್ಷಿ ನುಡಿದಿದ್ದರು. ಮೂಲವನ್ನು ಪರೀಕ್ಷಿಸುವ ವಿದ್ಯೆಯನ್ನು ಕಂಪ್ಯೂಟರ್ ಪಾಠದ ಕೊನೆಯ ಅಧ್ಯಾಯಕ್ಕೆ ಬಿಟ್ಟುಕೊಡದೆ ಧರ್ಮೋಪದೇಶ ತರಗತಿಗೂ ತರಬೇಕೆಂದು ನಾನು ವಾದಿಸುವುದು ಇದಕ್ಕಾಗಿಯೇ. ಅದು ಜಾಣತನಕ್ಕಿಂತ ಮೊದಲು ನೆರೆಯವನಿಗೆ ನಾವು ಸಲ್ಲಿಸಬೇಕಾದ ಋಣ.

ಆದರೆ ಈ ವಿದ್ಯೆಯನ್ನು ಕಲಿಸಹೊರಟ ಶಿಕ್ಷಕ ಮೊದಲು ತಾನೇ ಪರೀಕ್ಷೆಗೆ ಒಳಗಾಗಬೇಕಾಗುತ್ತದೆ. ಬೆರೋಯದ ಜನ ಸಂತ ಪೌಲರ ಬೋಧನೆಯನ್ನು ಕೇಳಿ, ಅವರು ಹೇಳಿದ್ದು ಹೌದೇ ಎಂದು ದಿನವೂ ಪವಿತ್ರ ಗ್ರಂಥವನ್ನು ತೆರೆದು ನೋಡುತ್ತಿದ್ದರೆಂದು ಪ್ರೇಷಿತರ ಕಾರ್ಯಕಲಾಪಗಳಲ್ಲಿ ಓದುತ್ತೇವೆ. ಪ್ರೇಷಿತರನ್ನೇ ಪರೀಕ್ಷಿಸುವುದೇ ಎಂದು ಸಂತ ಲೂಕರು ಮುಖ ಸಿಂಡರಿಸಲಿಲ್ಲ. ಅವರನ್ನು ಸದ್ಗುಣಿಗಳೆಂದು ಹೊಗಳಿದರು. ಲೂಕರಿಗೆ ಅದು ಮೆಚ್ಚಿಗೆಯಾದುದರಲ್ಲಿ ಆಶ್ಚರ್ಯವಿಲ್ಲ. ಪ್ರತ್ಯಕ್ಷದರ್ಶಿಗಳಿಂದ ಬಂದುದನ್ನು ಮೊದಲಿನಿಂದ ಕೂಲಂಕಷವಾಗಿ ವಿಚಾರಿಸಿದ್ದೇನೆಂದು ಥೆಯೊಫಿಲನಿಗೆ ತಿಳಿಸಿಯೇ ಅವರು ತಮ್ಮ ಶುಭಸಂದೇಶವನ್ನು ಆರಂಭಿಸಿದ್ದರು.

ಒಂದು ಹಳೆಯ ಘಟನೆ ನನಗೆ ಪ್ರಿಯವಾದದ್ದು. ಸಂತರ ಚರಿತ್ರೆಗಳನ್ನು ಮೂಲಗಳಿಂದ ಶೋಧಿಸಿ ಪ್ರಕಟಿಸುವ ಯೇಸುಸಭೆಯ ವಿದ್ವಾಂಸರ ಬಳಗವನ್ನು ಬೊಲ್ಲಾಂದಿಸ್ಟರೆಂದು ಕರೆಯುತ್ತಾರೆ. ಅವರ ಮೊದಲ ಸಂಪುಟಗಳು 1643ರಲ್ಲಿ ಹೊರಬಂದವು. ಅವರಲ್ಲೊಬ್ಬರಾದ ಡೇನಿಯಲ್ ಪಾಪೆಬ್ರೋಕ್ 1675ರಲ್ಲಿ, ಫ್ರಾನ್ಸಿನ ಬೆನೆಡಿಕ್ಟಿನ್ ಮಠಗಳಲ್ಲಿದ್ದ ಬಹು ಹಳೆಯ ದಾನಪತ್ರಗಳು ಅಸಲಿಯೇ ಎಂಬ ಸಂದೇಹವನ್ನು ಬಲವಾಗಿ ಮಂಡಿಸಿದರು. ಬೆನೆಡಿಕ್ಟಿನರಿಗೆ ನೋವಾಯಿತು. ಅವರಲ್ಲಿ ಜ್ಯಾನ್ ಮಬಿಯೋನ್ ಎಂಬ ಸನ್ಯಾಸಿ ಬೈಗುಳದ ಉತ್ತರ ಬರೆಯಲಿಲ್ಲ. ಆರು ವರ್ಷ ದುಡಿದು, ಹಳೆಯ ದಾಖಲೆಗಳ ಲಿಪಿ, ಮುದ್ರೆ, ಶೈಲಿ, ತೊಗಲುಗಳನ್ನು ಪರೀಕ್ಷಿಸುವ ಕ್ರಮವನ್ನೇ ಒಂದು ಶಾಸ್ತ್ರವಾಗಿ ಕಟ್ಟಿ 1681ರಲ್ಲಿ ಪ್ರಕಟಿಸಿದರು. ಅದನ್ನು ಓದಿದ ಪಾಪೆಬ್ರೋಕ್ ತಾವು ಸೋತುದನ್ನು ಒಪ್ಪಿಕೊಂಡು ಮಬಿಯೋನರಿಗೆ ಸಂತೋಷದಿಂದಲೇ ಪತ್ರ ಬರೆದರು. ಸಂದೇಹಪಟ್ಟವರು, ಸಂದೇಹಕ್ಕೆ ಒಳಗಾದವರು ಇಬ್ಬರೂ ಗುರುಗಳು, ಇಬ್ಬರೂ ಪ್ರಾರ್ಥಿಸುವವರು. ಅವರ ಜಗಳದಿಂದ ಲೋಕಕ್ಕೆ ಒಂದು ವಿದ್ಯೆ ದೊರೆಯಿತು. ಪಾಪೆಬ್ರೋಕರ ಕಥೆ ಅಷ್ಟಕ್ಕೇ ಸುಖವಾಗಿ ಮುಗಿಯಲಿಲ್ಲ ಎಂಬುದನ್ನೂ ಮಕ್ಕಳಿಗೆ ಹೇಳಬೇಕಾದದ್ದು ನ್ಯಾಯ. ಕಾರ್ಮೆಲ್ ಸಭೆಯನ್ನು ಪ್ರವಾದಿ ಎಲೀಯನೇ ಸ್ಥಾಪಿಸಿದನೆಂಬುದಕ್ಕೆ ಆಧಾರವಿಲ್ಲವೆಂದ ಅವರ ಸಂಪುಟಗಳನ್ನು 1695ರಲ್ಲಿ ಸ್ಪೇನಿನ ಧರ್ಮವಿಚಾರಣಾ ಮಂಡಳಿ ಖಂಡಿಸಿತು. 1715ರಲ್ಲಿ ಆ ಖಂಡನೆ ರದ್ದಾಯಿತು. ಅವರು ತೀರಿಹೋದದ್ದು 1714ರಲ್ಲಿ.

ಹುಡುಗಿಯ ಪ್ರಶ್ನೆಗೆ ನಾನು ಅಂದು ಕೊಟ್ಟ ಉತ್ತರ ಚಿಕ್ಕದು: "ಪ್ರಾರ್ಥನೆಯನ್ನು ಹೇಳೋಣ ಮಗಳೇ, ಹೆಸರನ್ನು ಮಾತ್ರ ಹೇಳುವುದು ಬೇಡ." ಅವಳಿಗೆ ಅದು ಒಪ್ಪಿಗೆಯಾಯಿತು. ಊರಿನ ಹಿರಿಯರೊಬ್ಬರಿಗೆ ಆಗಲಿಲ್ಲ. ಹಬ್ಬದ ದಿನ ಗೋಡೆಯ ಮೇಲಿದ್ದ ಹಾಳೆಯನ್ನು ನೋಡಿ, "ಸಂತರ ಹೆಸರನ್ನೇ ಅಳಿಸಿದರೆ ಮಕ್ಕಳಿಗೆ ಉಳಿಯುವುದೇನು ಮೇಷ್ಟ್ರೇ?" ಎಂದು ಕೇಳಿದರು. ಅವರ ನೋವು ನಿಜವಾದದ್ದು. ಸ್ಪೊಲೆತೊದ ಪತ್ರದ ಚಿತ್ರವನ್ನು ತೋರಿಸಿ, ಇದು ಸಂತರ ಸ್ವಂತ ಅಕ್ಷರವೆಂದು ಹೇಳಿದೆ. ಅವರು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. ಅಕ್ಷರ ಅಷ್ಟೇನೂ ಚೆನ್ನಾಗಿಲ್ಲವಲ್ಲ ಎಂದರು.

ಅನಂತರ ಬೆಳಗಿನ ಪ್ರಾರ್ಥನೆಗೆ ಮಕ್ಕಳು ಸರದಿಯ ಮೇಲೆ ಮುಂದೆ ನಿಂತು ಅದನ್ನು ಹೇಳಿಸುವ ರೂಢಿ ಮುಂದುವರಿಯಿತು. ಐದನೆಯ ತರಗತಿಯ ಹುಡುಗನೊಬ್ಬ ತನ್ನ ಸರದಿ ಬಂದ ದಿನ ಕೈಮುಗಿದು, ಗಂಟಲು ಸರಿಪಡಿಸಿಕೊಂಡು, ಗಂಭೀರವಾಗಿ ಘೋಷಿಸಿದ: "ಈಗ ಸಂತ ಫ್ರಾನ್ಸಿಸರ ಪ್ರಾರ್ಥನೆಯಂತೆ. ಆದರೆ ಅವರದಲ್ಲವಂತೆ. ಎಲ್ಲರೂ ಕಣ್ಣು ಮುಚ್ಚಿ."